ಅವ್ವನ ಭೋಗಿ ಸಾರು

ಆಗೆಲ್ಲ ಲಕ್ಷ್ಮೇಶ್ವರದ ನಮ್ಮ ಓಣಿಗೆ ಚಳಿಗಾಲ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಸುಟ್ಟ ಹಸಿ ಕಡಲೆ, ಮೆಂತ್ಯದ ಸೊಪ್ಪು, ಸಜ್ಜೆ ರೊಟ್ಟಿಯ ಮೇಲಿನ ಎಳ್ಳು. ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಹೆಂಗಸರು ಮೊರದಲ್ಲಿ ಅವರೆ, ಗಜ್ಜರಿ, ಬದನೆ ತುಂಬಿಕೊಂಡು ಒಬ್ಬರ ಮನೆಗೊಬ್ಬರು ಹೋಗಿ ಕೊಡುತ್ತಿದ್ದರು. ಉಳಿದವರೆಲ್ಲ ಅದನ್ನು ಗಟ್ಟಿ ಪಲ್ಯ ಮಾಡಿದರೆ ಅವ್ವ ಮಾತ್ರ ದೊಡ್ಡ ಬೋಗೋಣಿಯಲ್ಲಿ ನೀರು ಸುರಿದು ಸಾರು ಮಾಡುತ್ತಿದ್ದಳು. “ಕೆರಿ ನೀರೆಲ್ಲ ಇದಕ್ಕ ಬಂತೇನ?” ಎಂದು ಅಪ್ಪ ಕಾಡುತ್ತಿದ್ದ. ಸಂಜೆ ಓಣಿಯ ಹುಡುಗರೆಲ್ಲ ಬಟ್ಟಲು ಹಿಡಿದು ನಮ್ಮ ಕಟ್ಟೆಗೇ ಬರುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಹಬ್ಬವಿರಲಿಲ್ಲ. ಮರುವರ್ಷ ಎಲ್ಲರೂ ಮೊದಲಿನಂತೆ ಬರುತ್ತಾರೆಂದು ನಾನು ನಂಬಿದ್ದೆ. ಅವ್ವನೂ ನಂಬಿದ್ದಳೇನೋ, ಬೆಳಿಗ್ಗೆಯೇ ಒಲೆಯ ಮೇಲೆ ಬೋಗೋಣಿ ಇಟ್ಟು, ಬಳೆಯ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು.

ಅವ್ವನ ಜೀವದ ಗೆಳತಿ ಶಾಂತಕಾಕು ಮೊರ ಹಿಡಿದು ನಮ್ಮ ಬಾಗಿಲು ದಾಟಿ ಹೋದಳು. ನಾನು ಓಡಿಹೋಗಿ ಸೆರಗು ಹಿಡಿದೆ.

“ಕಾಕೂ, ನಮ್ಮನಿ ಬಿಟ್ಟಿ ನೋಡ!”

“ಬಾ ನನ್ನವ್ವಾ, ನಿನಗ ಕೊಡ್ತೀನಿ. ಉಡಿ ಹಿಡಿ.”

“ನನಗಲ್ಲ, ಅವ್ವಗ ಕೊಡು.”

ಕಾಕು ತಲೆ ತಗ್ಗಿಸಿದಳು. “ಅವ್ವಗ ಇನ್ನ ಕೊಡಾಕ ಬರಂಗಿಲ್ಲವ್ವಾ. ಮುತ್ತೈದೇರಿಗಷ್ಟ ಕೊಡೂದು.”

ಒಳಗಿನಿಂದ ಅವ್ವನ ದನಿ ಬಂತು: “ಇಸ್ಕೊಂಡ ಬಾರವ್ವಾ, ಕಾಕೂಗ ಹೊತ್ತಾಗ್ತೈತಿ.”

ನನ್ನ ಉಡಿಯಲ್ಲಿದ್ದಷ್ಟನ್ನೇ ಅವ್ವ ಬೋಗೋಣಿಗೆ ಹಾಕಿದಳು. ನೀರು ಮಾತ್ರ ಓಣಿಗೆಲ್ಲ ಸಾಲುವಷ್ಟಿತ್ತು. ಆ ಸಂಜೆ ಯಾರೂ ತಮ್ಮ ಹುಡುಗರನ್ನು ಕಳಿಸಲಿಲ್ಲ. ಮರುದಿನ ಉಳಿದ ಸಾರನ್ನು ಅವ್ವ ಎಮ್ಮೆಯ ಬಾನಿಗೆ ಸುರಿದಳು. ನಾನು ಬಿಕ್ಕಿಬಿಕ್ಕಿ ಅತ್ತೆ, ಅವಳು ಅಳಲಿಲ್ಲ.

ಮದುವೆಯಾದ ಮೊದಲ ಭೋಗಿಗೆ ನಾನು ಮೊರ ತುಂಬಿಕೊಂಡು, ಗದಗಿನಿಂದ ಬಸ್ಸು ಹತ್ತಿ, ಎಲ್ಲರಿಗಿಂತ ಮೊದಲು ಅವ್ವನ ಮುಂದೆ ಹೋಗಿ ನಿಂತೆ. ಅವಳು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

“ನನಗ್ಯಾಕ ಯವ್ವಾ? ನಿನಗ ಕೇಡಾದೀತು. ಮುತ್ತೈದೇರಿಗೆ ಕೊಡ ಹೋಗು.”

ಎಷ್ಟು ಬೇಡಿಕೊಂಡರೂ ಆ ಕೈ ಹೊರಗೆ ಬರಲಿಲ್ಲ.

ಈಗ ಗಜ್ಜರಿ ವರ್ಷವಿಡೀ ಸಂತೆಯಲ್ಲಿ ಸಿಗುತ್ತದೆ. ಅವ್ವ ಇಲ್ಲ. ಪ್ರತಿ ಭೋಗಿಗೆ ನನ್ನ ಬಾಗಿಲಿಗೆ ಮೊರಗಳು ಬರುತ್ತವೆ, ತೆಗೆದುಕೊಳ್ಳುತ್ತೇನೆ, ಸಾರು ಮಾಡುವುದಿಲ್ಲ. ಓಣಿಯವರು ಕೊಡಲಿಲ್ಲವೆಂಬ ಸಿಟ್ಟು ಎಂದೋ ಆರಿಹೋಯಿತು. ತನಗೆ ಯಾರೂ ಏನೂ ಕೊಡಬಾರದೆಂದು ಕೊನೆಗೆ ಅವ್ವನೇ ನಂಬಿಕೊಂಡು ಹೋದಳಲ್ಲ, ಆ ಸಂಕಟ ಆರುವುದಿಲ್ಲ.