ಸ್ಕ್ಯಾನ್‌ನಲ್ಲಿ ಸಿಕ್ಕ ಸ್ಕೂಟರ್ ಸವಾರಿ

ಹೋದ ವರ್ಷ ದೀಪಾವಳಿ ಮುಗಿದ ವಾರ. ಬೆನ್ನುನೋವು ತಡೆಯಲಾಗದೆ ತಂಗಿಯ ಮಗಳು ಸುಮಾಳ ಕಾರಿನಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗಿ ಎಂ.ಆರ್.ಐ. ಸ್ಕ್ಯಾನ್ ಮಾಡಿಸಿಕೊಂಡೆ. ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಅದೇ ಈಗ ಮೂಳೆಗೆ ಇಳಿದಿದ್ದರೆ ಎಂಬ ಭಯ ಇಬ್ಬರಿಗೂ ಇತ್ತು. ಸುಮಾ ದಾರಿಯುದ್ದಕ್ಕೂ ಈರುಳ್ಳಿ ರೇಟಿನ ಬಗ್ಗೆಯೇ ಮಾತಾಡಿದಳು.

ಡಾಕ್ಟರ್ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಬೂದುಬಣ್ಣದ ನನ್ನ ಬೆನ್ನೆಲುಬು, ಅದರಲ್ಲೊಂದು ಮೂಳೆಯ ಸುತ್ತ ಕೆಂಪು ಚೌಕ.

“ಇದಕ್ಕೆ ಡೀಪ್ ಲರ್ನಿಂಗ್ ಅಂತಾರೆ ಅಮ್ಮ. ಸಾವಿರಾರು ಜನರ ಬೆನ್ನಿನ ಸ್ಕ್ಯಾನ್ ತೋರ್ಸಿ ಕಂಪ್ಯೂಟರಿಗೆ ಕಲಿಸಿರ್ತಾರೆ. ಅನುಮಾನ ಬಂದ ಕಡೆ ಅದು ಗುರುತು ಹಾಕ್ತೈತೆ. ಏನು ಅಂತ ನೋಡಿ ಹೇಳೋದು ನಾವು.”

“ಡಾಕ್ಟರೇ, ಪ್ಲೀಸ್ ಬಿ ಫ್ರ್ಯಾಂಕ್” ಎಂದೆ.

ಅವರು ಒಂದೊಂದೇ ಚಿತ್ರ ಸರಿಸುತ್ತ ಹೋದರು. ಸುಮಾ ನನ್ನ ಕೈ ಹಿಡಿದಿದ್ದಳು.

“ಕ್ಯಾನ್ಸರ್ ಅಲ್ಲ. ಹಳೇ ಫ್ರ್ಯಾಕ್ಚರ್. ಮೂಳೆ ಕುಸಿದು, ತಾನೇ ಕೂಡ್ಕಂಡು ಎಷ್ಟೋ ವರ್ಷ ಆಗೈತೆ. ಯಾವಾಗಾದ್ರೂ ಜೋರಾಗಿ ಬಿದ್ದಿದ್ರಾ?”

ನನಗೆ ನಗು ಬಂತು. ಅದರ ಹಿಂದೆಯೇ ಅಳು.

ನಮ್ಮವರು ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸದಲ್ಲಿದ್ದರು; ಆಗ ನಮ್ಮ ಮನೆಯೂ ಅಲ್ಲೇ. ಮದುವೆಯಾದ ಹೊಸತು. ಒಂದು ಸಂಜೆ ಹಿರಿಯೂರಿನ ಅಂಗಡಿಯೊಂದರಲ್ಲಿ ಎಲ್ಲರೆದುರು, “ನಮ್ಮೋಳಿಗೆ ಮುದ್ದೆ ಮಾಡಾಕೆ ಬರಲ್ಲ, ಇಂಗ್ಲಿಷ್‌ನಾಗೆ ಬೈಯಾಕೆ ಬರ್ತೈತೆ” ಎಂದುಬಿಟ್ಟರು. ನಾನು ಮಾತು ಬಿಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದ ಪರ್ಫೆಕ್ಟ್ ಸೈಲೆನ್ಸ್! ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಅವರನ್ನು ಮುಟ್ಟದೆ ಕೂತೆ. ಊರು ದಾಟಿದ ಮೇಲೆ ಗಾಡಿ ಒಂದು ಗುಂಡಿ ಹಾರಿತು. ನಾನು ರಸ್ತೆಯ ಮೇಲೆ, ಅವರು ಮುಂದೆ. ಹೆಂಡತಿಯ ಮುನಿಸು ಇನ್ನೂ ಇಳಿದಿಲ್ಲ ಎಂದುಕೊಂಡು ಖಾಲಿ ಸೀಟನ್ನು ರಮಿಸುತ್ತಲೇ ಬಬ್ಬೂರಿನ ಗೇಟಿನವರೆಗೂ ಹೋಗಿದ್ದರಂತೆ. ವಾಚ್‌ಮನ್, “ಅಮ್ಮಾರು ಎಲ್ಲಿ ಸಾರ್?” ಎಂದಾಗಲೇ ತಿರುಗಿ ನೋಡಿದ್ದು.

ವಾಪಸ್ ಬಂದವರು ನನ್ನ ಸೀರೆಯ ಧೂಳು ಕೊಡವಿ, “ಏನೂ ಆಗಿಲ್ಲ, ಏಳು, ಮನೆಗೆ ಹೋಗಾಣ” ಎಂದರು. ಆಮೇಲೆ ನಾನು ಬೆನ್ನುನೋವು ಅಂದಾಗಲೆಲ್ಲ “ಶುರುವಾತು ಡ್ರಾಮಾ” ಎಂದು ರೇಗಿಸೋರು. “ಅವತ್ತು ದಾರೀಲಿ ಏನೇನು ಹೇಳಿದ್ರಿ?” ಎಂದು ಕೇಳಿದರೆ, “ಇನ್ನೊಂದ್ಸಲ ಬೀಳು, ಹೇಳ್ತೀನಿ” ಎನ್ನೋರು. ಹೇಳದೆಯೇ ಹೋಗಿಬಿಟ್ಟರು.

ಡಾಕ್ಟರ್ ಮಾತ್ರೆ ಬರೆದುಕೊಟ್ಟು ಕಳಿಸಿದರು. ಕೆಂಪು ಚೌಕದ ಆ ಚಿತ್ರವನ್ನು ಸುಮಾಳಿಂದ ಫೋನಿಗೆ ಹಾಕಿಸಿಕೊಂಡೆ. ಹಿರಿಯೂರು ತಲುಪಿದ ಮೇಲೆ, “ಮನೆಗೆ ಬೇಡ, ಬಬ್ಬೂರಿನ ಕಡೆ ತಿರುಗಿಸು” ಎಂದೆ. ಆ ರಸ್ತೆ ಈಗ ಸ್ಮೂತ್. ಗುಂಡಿ ಎಲ್ಲಿತ್ತೋ ಗುರುತೇ ಸಿಗಲಿಲ್ಲ.

ಹಿಂದಿನ ಸೀಟಿನಲ್ಲಿ ಫೋನನ್ನು ಪಕ್ಕದ ಖಾಲಿ ಜಾಗದತ್ತ ಹಿಡಿದು, “ನೋಡ್ರೀ, ಏನೂ ಆಗಿಲ್ಲ ಅಂದಿದ್ರಲ್ಲ, ಆಗಿತ್ತು” ಎಂದೆ.

“ಯಾರ ಹತ್ರ ಮಾತಾಡ್ತಿದೀರ ದೊಡ್ಡಮ್ಮ?” ಸುಮಾ ಕನ್ನಡಿಯಲ್ಲಿ ನೋಡಿದಳು.

ಗೇಟು ಇನ್ನೂ ದೂರವಿತ್ತು. ಖಾಲಿ ಸೀಟಿಗೆ ಅಷ್ಟು ದೂರ ಏನೇನು ಹೇಳಬಹುದೆಂದು ನನಗೆ ಆಗ ಗೊತ್ತಾಯಿತು.