ಹನ್ನೆರಡು ಹೋಳಿಗೆಯ ನುಡಿ

ಶಾಂತವ್ವನವರೇ, ಆ ಹಾಡಿನ ಬೀಗತಿ ನೀವೇ. ನುಡಿ ಕಟ್ಟಿದವಳು ನಾನು. ಹಳೆಯ ಹಾಡೆಂದು ನಾಲ್ಕು ವರ್ಷ ನಿಮ್ಮೆದುರೇ ಸುಳ್ಳು ಹೇಳಿಕೊಂಡು ಬಂದೆ.

ನನ್ನ ಮಗಳನ್ನು ನಿಮ್ಮ ಬ್ಯಾಡಗಿಯ ಮನೆಗೆ ಕೊಟ್ಟ ದಿನ ನೆನಪಿದೆಯೇ? ಊಟದ ಪಂಕ್ತಿಯಲ್ಲಿ ನೀವು ನಮ್ಮ ಮನೆಯ ಹೋಳಿಗೆಯನ್ನು ಬಾಯಿಗಿಡುವ ಮೊದಲು ಹರಿದು ನೋಡಿದಿರಿ. ಒಳಗೆ ಹೂರಣ ಎಷ್ಟಿದೆಯೆಂದು ನೋಡಿದಿರಿ, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು.

ತಿಂಗಳು ಕಳೆಯುವುದರೊಳಗೆ ಹಾವೇರಿಯ ಸ್ಟುಡಿಯೋದಲ್ಲಿ ನನ್ನ ಸಂಪ್ರದಾಯದ ಹಾಡುಗಳ ಆಲ್ಬಂ ರೆಕಾರ್ಡಿಂಗ್. ಮದುವೆಯಲ್ಲಿ ಬೀಗರನ್ನು ಛೇಡಿಸುವ ಹಾಡಿಗೆ ಇನ್ನೊಂದು ನುಡಿ ಬೇಕೆಂದರು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದೆ, ನಿಮ್ಮ ಕೈಯ ಹೋಳಿಗೆಯೇ ಕಂಡಿತು.

ಹೋಳಿಗಿ ಹರದ ನೋಡ್ಯಾಳ ಬೀಗತಿ
ಹೂರಣ ಎಲ್ಲೈತಿ ಅಂದಾಳ
ಹುಡುಕಿ ಹುಡುಕಿ ಹನ್ನೆರಡು ತಿಂದಾಳ
ಇನ್ನೂ ಸಿಗವೊಲ್ದು ಅಂದಾಳ

ರೆಕಾರ್ಡಿಂಗ್ ಮಾಡುವಾತ ನಗುತ್ತ ಕೇಳಿದ, “ಯಾರ ಕಟ್ಟಿದ ನುಡಿ ಅಕ್ಕಾರ ಇದು?”

“ನಮ್ಮಜ್ಜಿ ಹಾಡತಿದ್ಲಪಾ. ಭಾಳ ಹಳೇದು.”

ಹಾಡು ಫೋನಿನಿಂದ ಫೋನಿಗೆ ಹಾರಿ ರಾಣೆಬೆನ್ನೂರಿನ ಮದುವೆಗಳನ್ನೆಲ್ಲ ಸುತ್ತಿತು. ನೀವಂತೂ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಕಲಿಸಿದಿರಿ. ಘಾಟಿಗೆ ಸೀನುತ್ತ, ಸೀನಿನ ನಡುವೆಯೇ ಹಾಡುತ್ತ, ಬಿದ್ದು ಬಿದ್ದು ನಗುತ್ತ ನನ್ನನ್ನೇ ಕೇಳಿದಿರಿ, “ಯಾವೂರಾಕಿ ಇದ್ದಾಳ್ರಿ ಈಕಿ? ಹನ್ನೆರಡಂತ, ಯವ್ವಾ!”

“ಯಾವಾಕೀನೋ ಏನೋ, ಬಿಡ್ರಿ,” ಎಂದೆ. ನಾನೂ ನಕ್ಕೆ. ಹೊಟ್ಟೆ ತುಂಬ ನಕ್ಕೆ — ಅದಕ್ಕೇ ಈಗ ಇಷ್ಟು ನಾಚಿಕೆ.

ನಾನು ಹಾಡಿಕೆಗೆಂದು ಊರೂರು ತಿರುಗುತ್ತಿದ್ದಾಗ ನನ್ನ ಮಗಳ ಬಾಣಂತನ ಮಾಡಿದವರು ನೀವು. ತವರಿನವಳು ನಾನು ಮಾಡಬೇಕಾಗಿದ್ದು... ಒಂದು ದಿನವೂ ಅದನ್ನೆತ್ತಿ ಹಂಗಿಸಲಿಲ್ಲ.

ಬೀಗರ ಹಾಡಿಗೊಂದು ನೇಮವಿದೆ, ನಿಮಗೂ ಗೊತ್ತು. ಎದುರಿಗೆ ಕುಳಿತು ಹೆಸರು ಹಿಡಿದೇ ಛೇಡಿಸಬೇಕು. ಎದುರಿನವರು ಅದಕ್ಕಿಂತ ಖಾರವಾಗಿ ತಿರುಗಿ ಹಾಡಬೇಕು. ಆಗ ಅದು ಸಲಿಗೆ. ನಾನು ನಿಮ್ಮ ಹೆಸರು ನುಂಗಿ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡೆ. ತಿರುಗಿ ಹಾಡುವ ನಿಮ್ಮ ಸರದಿಯನ್ನು ಕಸಿದುಕೊಂಡೆ.

ಇನ್ನೊಂದು ಮಾತು, ಇದನ್ನು ಹೇಳಲು ಎಲ್ಲಕ್ಕಿಂತ ಕಷ್ಟ. ಅವತ್ತು ನೀವು ತಿಂದದ್ದು ಎರಡೇ ಹೋಳಿಗೆ. ಮತ್ತೆ ಹೂರಣ — ಕಡಿಮೆಯೇ ಇತ್ತು.

ಮೊಮ್ಮಗನ ಕೂದಲು ತೆಗೆಸುವ ಜವಳಕ್ಕೆ ನಾನೇ ಹೋಳಿಗೆ ಮಾಡಿಕೊಂಡು ಬರುತ್ತೇನೆ. ಹರಿದು ನೋಡಿ. ಎಲ್ಲರ ಮುಂದೆ ‘ಶಾಂತವ್ವ’ ಎಂದು ಹೆಸರು ಹಿಡಿದು ಆ ನುಡಿ ಹಾಡುತ್ತೇನೆ, ಕಟ್ಟಿದವಳು ನಾನೆಂದೂ ಹೇಳುತ್ತೇನೆ. ಆಮೇಲೆ ಸರದಿ ನಿಮ್ಮದು. ನನ್ನ ಹೆಸರು ಹಿಡಿದು ‘ಹೂರಣ ಕದ್ದ ಗೌರವ್ವ’ ಎಂದೇ ಶುರು ಮಾಡಿ. ಹಿಮ್ಮೇಳಕ್ಕೆ ನಾನೇ ಕೂರುತ್ತೇನೆ.