ಬಾಯಿ ಹಾಕದ ಎಡಿಟರ್

ಕೊಲ್ಲಿ ದೇಶದ ಫರ್ವಾನಿಯಾದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಪ್ರೋಗ್ರಾಮರ್ ಮಂಗಳೂರಿನವರು. ಕೋಡ್ ಬರೆಯುವ ಎಡಿಟರ್‌ನಲ್ಲಿ ತಪ್ಪಿನಡಿಯ ಕೆಂಪು ಗೆರೆಯನ್ನು ಎಳೆ ಹಸಿರು ಮಾಡಿಕೊಂಡಿದ್ದರು. "ಕೆಂಪು ಕಂಡ್ರೆ ಬೈದ ಹಾಗೆ ಆಗ್ತದೆ" ಎನ್ನುವರು. ಎರಡಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದ ಸೂಚಿಸುವ ಪಟ್ಟಿಯನ್ನಂತೂ ಬಂದ್ ಮಾಡಿಯೇಬಿಟ್ಟಿದ್ದರು. ನನ್ನ ಪರದೆಯಲ್ಲಿ ಅದು ಇಣುಕಿದರೂ ಅದನ್ನೇ ಗದರುವರು: "ಬಾಯಿ ಹಾಕ್ಬೇಡ ಮಾರಾಯ!"

ಆ ಮಾತು ನಾನು ಮೊದಲು ಕೇಳಿದ್ದು ಕೆಲಸಕ್ಕೆ ಸೇರಿದ ದಿನ. ನನಗೆ ಉಗ್ಗು. ಊಟದ ಮೇಜಿನಲ್ಲಿ ಹೆಸರು ಕೇಳಿದಾಗ "ಪ್ರ... ಪ್ರ..." ಎಂದು ನಿಂತೆ.

"ಪ್ರಕಾಶ?" "ಪ್ರಸಾದ?" "ಪ್ರದೀಪ?" ಊರ ಕಡೆಯವರೆಲ್ಲ ಸಹಾಯಕ್ಕೆ ಬಂದರು.

ಈ ಹಿರಿಯರು ಮಾತ್ರ ಮೀನಿನ ಮುಳ್ಳು ಬಿಡಿಸುತ್ತಲೇ, "ಬಾಯಿ ಹಾಕ್ಬೇಡಿ ಮಾರಾಯ್ರೆ, ಅವ್ರೇ ಹೇಳ್ತಾರೆ" ಎಂದರು.

ಎಲ್ಲರೂ ಕಾದರು.

"ಪ್ರಹ್ಲಾದ" ಎಂದೆ.

ಯಾರೂ ಊಹಿಸಿರಲಿಲ್ಲ. ಮೇಜಿಗೆ ಮೇಜೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು.